ಮೊಟ್ಟೆ ಆಗದವಳು

ನಾಗವೇಣಿಗೆ ಮೊಟ್ಟೆ ಆಗದು ಎಂಬುದು ನೆಂಟರಿಷ್ಟರಿಗೆಲ್ಲ ಗೊತ್ತಿತ್ತು. ಮೂರು ವರ್ಷದವಳಿದ್ದಾಗ ಮೊಟ್ಟೆ ತಿಂದು ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ಸತ್ತು ಬದುಕಿದ್ದಳಂತೆ. ಅದನ್ನು ಹೇಳುವಾಗೆಲ್ಲ ಅಮ್ಮನ ಕಣ್ಣು ತುಂಬಿ ಬರುತ್ತಿತ್ತು. ಹೆದರಿದ ನಾಗವೇಣಿ ಬೇಕರಿಯ ಬಿಸ್ಕತ್ತನ್ನೂ ವಿಚಾರಿಸಿಯೇ ತಿನ್ನುತ್ತಿದ್ದಳು. ಮಗಳ ಹುಟ್ಟುಹಬ್ಬದ ಕೇಕನ್ನು ಒಂದು ಸಲವೂ ಬಾಯಿಗಿಟ್ಟಿರಲಿಲ್ಲ.

ನಲವತ್ತು ತುಂಬಿದ ಮೇಲೆ, ಮಗಳ ಒತ್ತಾಯಕ್ಕೆ ಅಲರ್ಜಿ ಡಾಕ್ಟರ ಬಳಿ ಹೋದಳು. ಅವರು ಮೊದಲು ಪರೀಕ್ಷೆ ಮಾಡಿದರು. ಆಮೇಲೆ ಆಸ್ಪತ್ರೆಯಲ್ಲೇ ಕೂರಿಸಿಕೊಂಡು, ಬೇಯಿಸಿದ ಮೊಟ್ಟೆಯನ್ನು ಚೂರುಚೂರಾಗಿ ಕೊಡುತ್ತ ಪೂರ್ತಿ ತಿನ್ನಿಸಿದರು. ಏನೂ ಆಗಲಿಲ್ಲ.

"ಚಿಕ್ಕಂದಿನ ಅಲರ್ಜಿ ಎಷ್ಟೋ ಜನಕ್ಕೆ ಬೆಳೀತಾ ಬೆಳೀತಾ ಹೋಗಿಬಿಡುತ್ತೆ. ಮೊದಲ ಸಲ ಏನೇನಾಗಿತ್ತು ಅಂತ ನಿಮ್ಮ ತಾಯಿಯವರನ್ನ ಕೇಳ್ಕೊಂಡು ಬನ್ನಿ" ಎಂದರು ಡಾಕ್ಟರು.

ನಾಗವೇಣಿ ಸಂಭ್ರಮದಿಂದ ನೇರವಾಗಿ ಅಮ್ಮನ ಮನೆಗೇ ಹೋದಳು.

"ಅಮ್ಮಾ, ಇವತ್ತು ಇಡೀ ಮೊಟ್ಟೆ ತಿಂದೆ! ಏನೂ ಆಗ್ಲಿಲ್ಲ. ಅದ್ಸರಿ, ಆವತ್ತು ನನ್ನ ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರಿ?"

ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ.

"ಯಾವ ಆಸ್ಪತ್ರೆಗೂ ಇಲ್ಲ."

"ಮೈಯೆಲ್ಲ ದದ್ದೆದ್ದಿತ್ತು ಅಂತಿದ್ದೆ?"

"ಎದ್ದಿರಲಿಲ್ಲ."

"ಉಸಿರು ಕಟ್ಟಿದ್ದು?"

ಅಮ್ಮ ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚಿದಳು. ನಾಗವೇಣಿ ಅವಳ ಕೈಯಿಂದ ಸೊಪ್ಪು ಕಿತ್ತುಕೊಂಡು ಪಕ್ಕಕ್ಕಿಟ್ಟಳು.

"ಮತ್ತೆ ಯಾಕಮ್ಮ ಇಷ್ಟು ವರ್ಷ ಹಾಗಂದೆ?"

"ಆಗ ಮನೇಲಿ ಇದ್ದಿದ್ದು ಒಂದೇ ಕೋಳಿ ಕಣೇ. ನಿನ್ನ ತಮ್ಮಂಗೆ ತಿನ್ನಿಸುವಾಗೆಲ್ಲ ನೀನೂ ಬಂದು ಕೈ ಚಾಚ್ತಿದ್ದೆ."