ಆರು ವಾರದ ಖಾಲಿ ನೀರು

ಮನೆಯಲ್ಲಿ ಓದುವ ಮಕ್ಕಳಿದ್ದರೆ ಇದಕ್ಕೊಂದು ಮೂರು ನಿಮಿಷ ಕೊಡಿ...

ತುಮಕೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಉಮಾಪತಿಗೆ ಒಬ್ಬಳೇ ಮಗಳು. ಹೆಸರು ಸಿಂಚನಾ.

ಮೆಡಿಕಲ್ ಸೀಟಿಗಾಗಿ ಎರಡು ಸಲ ಪರೀಕ್ಷೆ ಬರೆದಳು. ಎರಡು ಸಲವೂ ಸೀಟು ಸಿಗಲಿಲ್ಲ...

ಎರಡನೆಯ ರಿಸಲ್ಟ್ ಬಂದ ದಿನ ರೂಮಿನ ಬಾಗಿಲು ಹಾಕಿಕೊಂಡವಳು ನಾಲ್ಕು ತಿಂಗಳು ಊಟಕ್ಕೂ ಸರಿಯಾಗಿ ಹೊರಗೆ ಬರಲಿಲ್ಲ.

ಒಂದು ಬೆಳಿಗ್ಗೆ ತಾನಾಗಿಯೇ ಬಂದು ಅಪ್ಪನ ಪಕ್ಕ ಕೂತಳು.

"ಅಪ್ಪ, ನಂಗೊಂದು ಫಿಶ್ ಟ್ಯಾಂಕ್ ಕೊಡಿಸ್ತೀಯಾ? ಸಮುದ್ರದ ಮೀನು ಸಾಕೋದು."

ಮಗಳು ಬಾಯಿಬಿಟ್ಟು ಏನನ್ನೋ ಕೇಳಿದಳಲ್ಲ... ಆನೆ ಕೇಳಿದ್ದರೂ ಉಮಾಪತಿ ತಂದು ಕಟ್ಟುತ್ತಿದ್ದ.

ಅಂದೇ ಟ್ಯಾಂಕ್ ತರೋಣ ಎಂದರೆ ಅವಳೇ ಒಪ್ಪಲಿಲ್ಲ. ಒಂದು ವಾರ ನೋಟ್‌ಬುಕ್ ಹಿಡಿದು ಓಡಾಡಿದಳು.

ಕಿಟಕಿಯ ಬಿಸಿಲು ಎಲ್ಲಿಯವರೆಗೆ ಬರುತ್ತದೆ, ಇನ್ನೂರು ಲೀಟರ್ ನೀರಿನ ಭಾರವನ್ನು ಯಾವ ಸ್ಟ್ಯಾಂಡ್ ತಡೆಯುತ್ತದೆ, ಕರೆಂಟ್ ಹೋದರೆ ಪಂಪಿಗೆ ಏನು ದಾರಿ... ಎಲ್ಲ ಬರೆದುಕೊಂಡಳು.

ಆಮೇಲೆ ಟ್ಯಾಂಕ್ ಬಂತು. ಫಿಲ್ಟರ್ ನೀರಿಗೆ ಮೀನಿನ ಅಂಗಡಿಯಿಂದ ತಂದ ಸಮುದ್ರದ ಉಪ್ಪನ್ನು ಅಳೆದಳೆದು ಕರಗಿಸುತ್ತಿದ್ದ ಮಗಳನ್ನು ಕಂಡು ಉಮಾಪತಿಗೆ ನಗು.

"ಯಾಕಮ್ಮ, ನಮ್ಮ ಅಡುಗೆಮನೇಲಿ ಉಪ್ಪಿಗೆ ಬರವಾ?"

"ಅದನ್ನ ಹಾಕಿದ್ರೆ ಮೀನು ಬದುಕಲ್ಲಪ್ಪ. ಸಾರಾಗುತ್ತೆ ಅಷ್ಟೇ."

ನಾಲ್ಕು ತಿಂಗಳ ಮೇಲೆ ಮಗಳು ಆಡಿದ ಮೊದಲ ತಮಾಷೆ ಅದು. ಉಮಾಪತಿ ಅವತ್ತು ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಅದನ್ನು ಹೇಳಿಕೊಂಡು ತಿರುಗಿದ.

ಮರಳು ಬಂತು, ಕಲ್ಲು ಬಂತು, ನೀರು ತಿರುಗತೊಡಗಿತು. ಮೀನು ಮಾತ್ರ ಬರಲಿಲ್ಲ...

ಒಂದು ವಾರ, ಎರಡು ವಾರ, ಮೂರು ವಾರ. ಸಿಂಚನಾ ದಿನಾ ಸಣ್ಣ ಬಾಟಲಿಯಲ್ಲಿ ನೀರು ತೆಗೆದು, ನೀರು ಪರೀಕ್ಷಿಸುವ ಔಷಧಿಯ ಹನಿ ಹಾಕಿ, ಬಣ್ಣ ನೋಡಿ ಬರೆದಿಡುತ್ತಿದ್ದಳು.

"ಏನ್ ಉಮಾಪತಿಯವ್ರೇ, ಮೀನು ನಿಮ್ಮ ಮನೆಯೋರಿಗೆ ಮಾತ್ರ ಕಾಣುತ್ತಾ?" ಎಂದು ಪಕ್ಕದ ಮನೆಯವರು ಕಾಲೆಳೆದರು.

ಉಮಾಪತಿಯ ತಾಳ್ಮೆ ಮುಗಿಯಿತು. ಜೋಯಿಸರ ಹತ್ತಿರ ಹೋಗಿ ಮೀನು ಬಿಡುವುದಕ್ಕೆ ಮುಹೂರ್ತವನ್ನೇ ಇಡಿಸಿಕೊಂಡು ಬಂದ.

"ನೀರಿನ್ನೂ ರೆಡಿ ಇಲ್ಲಪ್ಪ," ಎಂದಳು ಸಿಂಚನಾ. "ಮೀನಿಗೆ ಅದರ ಗಲೀಜೇ ವಿಷ. ಆ ವಿಷ ತಿನ್ನೋ ಸಣ್ಣ ಸಣ್ಣ ಜೀವಿಗಳು ಮೊದ್ಲು ಈ ಕಲ್ಲಲ್ಲಿ ಬೆಳೀಬೇಕು. ಕಣ್ಣಿಗೆ ಕಾಣಲ್ಲ. ಆರು ವಾರ ಬೇಕು."

ಮುಹೂರ್ತ ಬಂತು, ಹೋಯಿತು. ಅವಳು ಜಗ್ಗಲಿಲ್ಲ.

ಖಾಲಿ ನೀರಿನ ಮುಂದೆ ಕೂತ ಮಗಳನ್ನು ನೋಡಿದಾಗಲೆಲ್ಲ ಉಮಾಪತಿಗೆ ಸಂಕಟ. ಇವಳ ಬದುಕೂ ಹೀಗೇ ನಿಂತುಹೋಯಿತಲ್ಲ ಅಂತ...

ಆರು ವಾರ ತುಂಬಿದ ಮೇಲೆ, ಒಂದು ಶುಕ್ರವಾರ, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು ಬಂದವು. ಜೊತೆಗೆ ಕೆಂಪು ಗೆರೆಯ ಒಂದು ಪುಟ್ಟ ಸಿಗಡಿ.

ಮನೆಯಲ್ಲಿ ಹಬ್ಬ. ಉಮಾಪತಿಯ ತಾಯಿ ಗುರುಸಿದ್ದಮ್ಮ ಮೊಮ್ಮಗಳ ಕೆನ್ನೆ ಸವರಿ ನೆಟಿಗೆ ಮುರಿದಳು.

ಎಲ್ಲರೂ ಊಟಕ್ಕೆ ಎದ್ದಾಗ ಅಜ್ಜಿ ಎಲೆಯಡಿಕೆ ಚೀಲದಿಂದ ಎರಡು ಹಳೇ ತಾಮ್ರದ ಕಾಸು ತೆಗೆದು, ಟ್ಯಾಂಕಿಗೆ ಹಾಕಿ ಕೈಮುಗಿದಳು.

ಯಾವ ಹೊಳೆ ದಾಟಿದರೂ ಕಾಸು ಹಾಕಿ ಕೈಮುಗಿಯುವ ಜೀವ ಅದು. ಮೊಮ್ಮಗಳಿಗೆ ಒಳ್ಳೆಯದಾಗಲಿ ಅಂತಲೇ ಹಾಕಿದ್ದು...

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದ ಉಮಾಪತಿ ಟ್ಯಾಂಕಿನ ಮುಂದೆ ನಿಂತುಬಿಟ್ಟ. ಸಿಗಡಿ ಮರಳಿನ ಮೇಲೆ ಅಂಗಾತ ಬಿದ್ದಿತ್ತು.

ಎರಡು ಸಲ ಸೋತ ಹುಡುಗಿ. ಇದು ಮೂರನೆಯದು. ಮತ್ತೆ ರೂಮು ಸೇರಿಕೊಂಡರೆ? ಈ ಸಲ ಹೊರಗೇ ಬರದಿದ್ದರೆ...

ಅವಳು ಏಳುವುದರೊಳಗೆ ಇನ್ನೊಂದು ಸಿಗಡಿ ತಂದು ಬಿಟ್ಟುಬಿಡೋಣವೇ ಎಂದುಕೊಳ್ಳುತ್ತಾ ತಿರುಗಿದ. ಹಿಂದೆಯೇ ಸಿಂಚನಾ ನಿಂತಿದ್ದಳು.

ಅವಳು ಅಳಲಿಲ್ಲ. ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿದಳು. ಸಿಗಡಿಯನ್ನು ಎತ್ತಿ ಒಂದು ಎಲೆಯ ಮೇಲಿಟ್ಟಳು. ಆಮೇಲೆ ಕಲ್ಲಿನ ಸಂದಿಯಲ್ಲಿ ಹುಡುಕಿದಳು. ಎರಡು ಕಾಸು ಸಿಕ್ಕವು.

"ತಾಮ್ರ ಅಪ್ಪ. ಸಿಗಡಿಗೆ ಇದು ವಿಷ. ಇಷ್ಟೊತ್ತಿಗೆ ಮರಳು, ಕಲ್ಲು ಎಲ್ಲಕ್ಕೂ ಇಳಿದಿರುತ್ತೆ."

ಅಂಥ ಕಾಸು ಮನೆಯಲ್ಲಿ ಯಾರ ಚೀಲದಲ್ಲಿದೆ ಎಂಬುದು ಇಬ್ಬರಿಗೂ ಗೊತ್ತು. ಉಮಾಪತಿಗೆ ರೇಗಿಹೋಯಿತು. "ಅವ್ವಾ..." ಎಂದು ಕೂಗುತ್ತಾ ಒಳಗೆ ನುಗ್ಗಲು ಹೊರಟ.

ಮಗಳು ಅವನ ಕೈ ಹಿಡಿದುಕೊಂಡಳು.

"ಬೇಡಪ್ಪ. ಗೊತ್ತಾದ್ರೆ ಅಜ್ಜಿ ಮನಸ್ಸಿಗೆ ಹಚ್ಕೊಳ್ತಾಳೆ. ನಾನು ಚೆನ್ನಾಗಿರ್ಲಿ ಅಂತ ತಾನೇ ಹಾಕಿದ್ದು."

"ಇಷ್ಟು ದಿನ ಮಾಡಿದ್ದೆಲ್ಲ ಹಾಳಾಯ್ತಲ್ಲಮ್ಮ... ಮತ್ತೆ ಮೊದಲಿಂದಾನಾ?"

"ಹೂಂ. ಮೀನು ಅಲ್ಲೀವರ್ಗೂ ಅಂಗಡಿಯವ್ರ ಟ್ಯಾಂಕಲ್ಲಿ ಇರ್ಲಿ. ಹೊಸ ಮರಳು, ಹೊಸ ಕಲ್ಲು. ಆರು ವಾರ ಅಷ್ಟೇ. ಮುಂದಿನ ಸಲ ಅಜ್ಜಿ ಕೈಯಿಂದ್ಲೇ ಮೀನು ಬಿಡಿಸೋಣ. ಕಾಸು ಹಾಕೋಕೆ ಕೈ ಖಾಲಿ ಇರಲ್ಲ."

ಉಮಾಪತಿಯ ಕಣ್ಣು ತುಂಬಿ ಬಂತು. ಇಷ್ಟು ದಿನ ಯಾರನ್ನು ನೆನೆದು ತಾನು ಮರುಗುತ್ತಿದ್ದನೋ, ಆ ಸೋತ ಹುಡುಗಿ ಅಲ್ಲಿ ಎಲ್ಲೂ ಕಾಣಲಿಲ್ಲ...

"ನಿನ್ನ ನಾನೇ ಅರ್ಥ ಮಾಡ್ಕೊಳ್ಳಲಿಲ್ಲ ಕಣೇ..." ಎಂದು ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಸಿಂಚನಾ ಅಪ್ಪನ ಪಕ್ಕ ಕೂತು ಬೆನ್ನು ಸವರಿದಳು.

"ಪರೀಕ್ಷೆ ಇನ್ನೊಂದ್ಸಲ ಬರೀಬೇಕೋ, ಬೇರೆ ಏನಾದ್ರೂ ಓದ್ಬೇಕೋ ಅಂತ ನಾನೇ ಹೇಳ್ತೀನಪ್ಪ. ಸ್ವಲ್ಪ ಟೈಮ್ ಕೊಡು. ಈಗ ಎದ್ದು ಆ ಬಕೆಟ್ ಹಿಡ್ಕೋ."

ಉಮಾಪತಿ ಕಣ್ಣೊರೆಸಿಕೊಂಡು ಎದ್ದ. ಯಾವಾಗ ಹೇಳ್ತೀಯಾ ಅಂತ ಕೇಳಲಿಲ್ಲ.

*

ಕೆಟ್ಟಿದ್ದನ್ನು ಚೆಲ್ಲಿ, ಯಾರನ್ನೂ ದೂರದೆ, ಮತ್ತೆ ಮೊದಲಿಂದ ಶುರು ಮಾಡುವವರನ್ನು ಸೋತವರು ಅನ್ನಬೇಡಿ.

ನಿಮ್ಮ ಮನೆಯಲ್ಲೂ ಸುಮ್ಮನೆ ಕೂತಂತೆ ಕಾಣುವ ಒಂದು ಮಗು ಇದೆಯಾ... ಅದಕ್ಕೆ ನೀವು ಎಷ್ಟು ವಾರ ಕೊಟ್ಟಿದ್ದೀರಿ?