ತಪ್ಪು ಮಗ್ಗಿ

ಓಡಿಸುವವನ ಎದೆಬಡಿತ ಇಳಿದ ಮೇಲೆಯೇ ಕಾರು ಶುರುವಾಗುವ ಕಾಲ ಅದು. ಎಲ್ಲರೂ ಬೆಲ್ಟು ಬಿಗಿದು, ಬ್ರೇಕು ತುಳಿದು, ಸಮಾಧಾನಕ್ಕೊಂದು ಮಗ್ಗಿ ಒಪ್ಪಿಸುತ್ತಿದ್ದರು. ಆ ಮಧ್ಯಾಹ್ನ ಹಿತ್ತಲಲ್ಲಿ ಹಾವು ಕಚ್ಚಿದ ಹೆಂಡತಿ ನೀಲವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ ಫಕೀರಪ್ಪನ ಎದೆ ಡೊಳ್ಳಿನಂತೆ ಬಡಿಯುತ್ತಿತ್ತು. ಸ್ಟೇರಿಂಗಿನ ಪಕ್ಕದ ಕೆಂಪು ದೀಪ ಆರಲೊಲ್ಲದು.

“ಹದಿಮೂರೆಂಟ್ಲೆ ನೂರಾ ಹದಿನಾಕು...”

“ನೂರಾ ನಾಕು!” ನಿವೃತ್ತ ಟೀಚರು ನೀಲವ್ವ ಗದರಿದಳು. “ಹಾವು ಕಚ್ಚಿದ್ದು ನನಗ್ರೀ, ನಡಗಾವ್ರು ನೀವು! ಎಂಥಾ ಗಂಡಸ್ರೀ?”

ಅವನಿಗೆ ನಗು ಉಕ್ಕಿತು. ಎದೆ ತುಸು ತಣಿಯಿತು, ದೀಪ ಹಸಿರಾಯಿತು, ಕಾರು ಹೊರಟಿತು.

ಒಮ್ಮೆ ಹೊರಟ ಕಾರಿಗೆ ಯಾರ ಎದೆಬಡಿತದ ಗೊಡವೆಯೂ ಇಲ್ಲ. ಆದರೂ ಫಕೀರಪ್ಪ ಆಸ್ಪತ್ರೆ ಮುಟ್ಟುವವರೆಗೂ ಮಗ್ಗಿ ನಿಲ್ಲಿಸಲಿಲ್ಲ. ಬೇಕೆಂದೇ ತಪ್ಪು ಹೇಳುವನು. ಹಿಂದಿನಿಂದ ಅವಳು ತಿದ್ದುವವರೆಗೂ ಉಸಿರು ಬಿಗಿಹಿಡಿದಿರುವನು.