ಹಳೇ ಪ್ರೊಸೆಸರ್

ಬಂದ ಗಿರಾಕಿಯ ಮುಖದಲ್ಲಿ ಸಂತೋಷವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಮಗಳು ಗೇಮ್ ಆಡುವ ಕಂಪ್ಯೂಟರಿನ ಪ್ರೊಸೆಸರ್ ಸುಟ್ಟುಹೋಗಿದೆಯಂತೆ. ಅಂಗಡಿಯವನು ಹುರುಪಿನಿಂದ ಹೊಸದೊಂದನ್ನು ಮುಂದಿಟ್ಟ.

"ಇದನ್ನ ಹಾಕಿಸಿ ಸಾರ್. ಕಣ್ಣು ಮಿಟುಕಿಸೋದ್ರೊಳಗೆ ಗೇಮ್ ಓಪನ್ ಆಗತ್ತೆ."

"ಬೇಡ. ಮೊದಲಿದ್ದಂಥ ಹಳೇದೇ ಇದ್ರೆ ಕೊಡಿ."

"ಅದು ಆಮೆ ಸಾರ್! ಗೇಮ್ ಶುರುವಾಗೋದ್ರೊಳಗೆ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು. ಮಗಳು ಬೈಯಲ್ವಾ?"

"ಬೈತಾಳೆ."

"ದಿನಾ ಆಡ್ತಾಳಾ?"

"ಭಾನುವಾರ ಮಾತ್ರ. ಕೋರ್ಟು ಅವಳನ್ನ ನನ್ನ ಹತ್ರ ಕಳಿಸೋದು ಅವತ್ತೊಂದೇ ದಿನ."

"ಹಾಗಾದ್ರೆ ಇನ್ನೂ ಫಾಸ್ಟ್ ಇರಬೇಕಲ್ಲ ಸಾರ್! ಇರೋ ಹೊತ್ತನ್ನ ಕಾಯೋದ್ರಲ್ಲಿ ಯಾಕೆ ಕಳೀಬೇಕು?"

ಗಿರಾಕಿ ಹೊಸ ಡಬ್ಬಿಯನ್ನು ಮೆಲ್ಲಗೆ ಅಂಗಡಿಯವನ ಕಡೆಗೇ ಸರಿಸಿದ.

"ಗೇಮ್ ಓಪನ್ ಆಗೋವರೆಗೆ ಅವಳು ನನ್ನ ಜೊತೆ ಮಾತಾಡ್ತಾಳೆ."